ಬಿರುಕಿನ ಸದ್ದು ಕೇಳುವ ವಿದ್ಯೆ

ನಮ್ಮ ಹಾಲಹರವಿಯ ಆಸುಪಾಸಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಈಗ ಕಡಿಮೆಯಾಗುತ್ತಿವೆ. ಅಂಥ ಮನೆಗಳಲ್ಲಿ ಬಾಳಿದ ಹಿರಿಯರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಜಡಿಮಳೆ ಹಿಡಿದು ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾದಾಗ ತೊಲೆಯಿಂದ ‘ಚಟ್’ ಎಂಬ ಸದ್ದು ಬಂದರೆ ಅವರು ಎದ್ದು ಕೂಡುತ್ತಾರೆ. ಎರಡನೆಯ ಸಲ ಬಂದರೆ ಮಲಗಿದ ಮಕ್ಕಳನ್ನೆಲ್ಲ ಎಬ್ಬಿಸಿಕೊಂಡು ಹೊರಗೆ ನಡೆಯುತ್ತಾರೆ. ದೀಪ ಹಿಡಿದು ನೋಡಿದರೆ ತೊಲೆಯಲ್ಲಿ ಏನೂ ಕಾಣದಿರಬಹುದು. ಆದರೂ ಅವರು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಾರೆ. ಒಳಗೆ ಎಲ್ಲಿಯೋ ನಾರು ಹರಿಯುತ್ತಿದೆ, ಬಿರುಕು ಬೆಳೆಯುತ್ತಿದೆ ಎಂಬುದನ್ನು ಆ ಸದ್ದು ತಿಳಿಸುತ್ತದೆ.

ಇದೇ ತಿಳಿವಳಿಕೆಯ ಮೇಲೆ ನಿಂತ ಒಂದು ಪರೀಕ್ಷಾ ವಿಧಾನ ವಿಮಾನಗಳ ವಿಷಯದಲ್ಲಿ ಬಳಕೆಯಲ್ಲಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಅಕೌಸ್ಟಿಕ್ ಎಮಿಶನ್ ಎನ್ನುತ್ತಾರೆ. ಕನ್ನಡದಲ್ಲಿ ‘ಧ್ವನಿ ಉತ್ಸರ್ಜನೆ’ ಎನ್ನಬಹುದು. ಕನ್ನಡ ಪಾಠ ಹೇಳುವ ನಮಗೂ ಈ ಪದ ನಾಲಗೆಗೆ ಸ್ವಲ್ಪ ತೊಡಕೇ. ಆದುದರಿಂದ ಈ ಲೇಖನದಲ್ಲಿ ‘ಬಿರುಕಿನ ಸದ್ದು’ ಎಂದೇ ಕರೆಯೋಣ.

ಒಂದು ವ್ಯತ್ಯಾಸವನ್ನು ಮೊದಲೇ ಗಮನಿಸಬೇಕು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ತಾಯಂದಿರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಗಡಿಗೆ ‘ಠಣ್’ ಎನ್ನುತ್ತದೆ. ಬಿರುಕು ಬಿಟ್ಟದ್ದು ಬೋಳು ಸದ್ದು ಕೊಡುತ್ತದೆ. ರೈಲು ನಿಲ್ದಾಣಗಳಲ್ಲಿ ಹಿಂದೆ ನೌಕರನೊಬ್ಬ ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುತ್ತಿದ್ದುದೂ ಇದಕ್ಕೇ. ಇಲ್ಲೆಲ್ಲ ಸದ್ದು ಮಾಡುವವರು ನಾವು. ವಸ್ತು ಮರುದನಿ ಕೊಡುತ್ತದೆ. ತೊಲೆಯ ಮಾತು ಬೇರೆ. ಅದನ್ನು ಯಾರೂ ತಟ್ಟಲಿಲ್ಲ. ಬಿರುಕು ಬೆಳೆಯುವಾಗ ತಾನಾಗಿಯೇ ಸದ್ದು ಮಾಡಿತು. ನಾವು ಹೇಳಹೊರಟಿರುವುದು ಈ ಎರಡನೆಯ ಬಗೆಯ ಸದ್ದನ್ನು ಕುರಿತು.

ವಿಮಾನದ ಲೋಹದಲ್ಲಿ ಬಿರುಕು ಏಕೆ ಹುಟ್ಟುತ್ತದೆ? ವಿದ್ಯಾರ್ಥಿಗಳು ಒಂದು ಕಬ್ಬಿಣದ ತಂತಿಯನ್ನು ತೆಗೆದುಕೊಂಡು ನೋಡಿ. ಎಷ್ಟು ಜಗ್ಗಿದರೂ ಅದು ಹರಿಯದು. ಅದನ್ನೇ ಒಂದೇ ಜಾಗದಲ್ಲಿ ಆ ಕಡೆಗೂ ಈ ಕಡೆಗೂ ಬಗ್ಗಿಸುತ್ತ ಹೋದರೆ ಸ್ವಲ್ಪ ಹೊತ್ತಿಗೆ ಮುರಿಯುತ್ತದೆ. ಒಂದೊಂದು ಸಲ ಬಗ್ಗಿಸಲು ಬೇಕಾದ ಬಲ ಅಲ್ಪ. ಮುರಿದದ್ದು ಆ ಅಲ್ಪ ಬಲದ ಪುನರಾವರ್ತನೆಯಿಂದ. ಇದಕ್ಕೆ ಲೋಹದ ದಣಿವು ಎಂದು ಹೆಸರು. ಹೆಸರು ಚೆನ್ನಾಗಿದೆಯಾದರೂ ಸ್ವಲ್ಪ ತಪ್ಪು ಅರ್ಥ ಕೊಡುತ್ತದೆ. ಮನುಷ್ಯನ ದಣಿವು ಒಂದು ರಾತ್ರಿ ನಿದ್ದೆ ಮಾಡಿದರೆ ಕಳೆಯುತ್ತದೆ. ಲೋಹದ ದಣಿವು ವಿಶ್ರಾಂತಿಯಿಂದ ಕಳೆಯುವುದಿಲ್ಲ. ತೀರದ ಸಾಲದಂತೆ ಕೂಡಿಕೊಳ್ಳುತ್ತಲೇ ಹೋಗುತ್ತದೆ.

ಇದನ್ನು ಮೊದಲು ಅರಿತವರು ವಿಮಾನದವರಲ್ಲ, ರೈಲಿನವರು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ಎಂಜಿನ್ನಿನ ಅಚ್ಚು ಮುರಿದು ಭಾರಿ ದುರಂತವಾಯಿತು. ಅನಂತರ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಅಚ್ಚುಗಳನ್ನು ಸಾವಿರ, ಲಕ್ಷ ಸಲ ತಿರುಗಿಸಿ, ಬಗ್ಗಿಸಿ ನೋಡಿ, ಎಷ್ಟು ಹೊರೆಗೆ ಎಷ್ಟು ಸಲ ತಾಳುತ್ತದೆ ಎಂಬ ಲೆಕ್ಕವನ್ನು ಹಾಕಿಕೊಟ್ಟ.

ವಿಮಾನಕ್ಕೆ ಈ ಕಷ್ಟ ಎರಡು ಕಡೆಯಿಂದ ಬರುತ್ತದೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಇಳಿದಾಗ ಕೆಳಕ್ಕೆ. ನಡುವೆ ಗಾಳಿಯ ಹೊಡೆತಕ್ಕೆ ನಡುಗುತ್ತಲೇ ಇರುತ್ತದೆ. ಇದು ಒಂದು. ಇನ್ನೊಂದು, ಪ್ರಯಾಣಿಕರು ಕೂಡುವ ಒಡಲಿನದು. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ನೆಲದ ಮೇಲಿನದರ ಸುಮಾರು ಕಾಲುಭಾಗ. ಅಲ್ಲಿ ಉಸಿರಾಟ ಸಾಧ್ಯವಿಲ್ಲವಾದ್ದರಿಂದ ಒಳಗೆ ಗಾಳಿ ತುಂಬಿ ಒತ್ತಡವನ್ನು ಕಾಪಾಡುತ್ತಾರೆ. ಅಂದರೆ ಪ್ರತಿ ಹಾರಾಟದಲ್ಲಿಯೂ ವಿಮಾನದ ಒಡಲು ಚೆಂಡಿನ ಬ್ಲಾಡರಿನಂತೆ ಒಮ್ಮೆ ಉಬ್ಬಿ ಒಮ್ಮೆ ತಗ್ಗುತ್ತದೆ. ನಮ್ಮ ಕರ್ನೂಲು ಜಿಲ್ಲೆಯ ಓರ್ವಕಲ್ಲಿನಲ್ಲಿಯೂ 2021ರಲ್ಲಿ ವಿಮಾನ ನಿಲ್ದಾಣ ತೆರೆದಿದೆ. ಅಲ್ಲಿ ಏರುವ ಇಳಿಯುವ ವಿಮಾನಗಳಿಗೂ ಈ ನಿಯಮ ತಪ್ಪಿದ್ದಲ್ಲ.

ಈ ಉಬ್ಬುತಗ್ಗುಗಳ ಬೆಲೆ ಏನೆಂಬುದು ಕಾಮೆಟ್ ವಿಮಾನಗಳಿಂದ ಗೊತ್ತಾಯಿತು. ಕಾಮೆಟ್ ಬ್ರಿಟನ್ನಿನಲ್ಲಿ ತಯಾರಾದದ್ದು. ಪ್ರಯಾಣಿಕರನ್ನು ಹೊತ್ತ ಮೊದಲ ಜೆಟ್ ವಿಮಾನ. 1952ರ ಮೇ 2ರಂದು ಅದರ ಸೇವೆ ಆರಂಭವಾಯಿತು. 1954ರ ಜನವರಿ 10ರಂದು ಒಂದು ಕಾಮೆಟ್ ಇಟಲಿಯ ಎಲ್ಬಾ ದ್ವೀಪದ ಹತ್ತಿರ ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 35 ಜನರೂ ಸತ್ತರು. ಕಾರಣ ತಿಳಿಯದೆಯೇ ಕೆಲವು ತಿದ್ದುಪಡಿಗಳನ್ನು ಮಾಡಿ ಮತ್ತೆ ಹಾರಿಸಿದರು. ಏಪ್ರಿಲ್ 8ರಂದು ಇನ್ನೊಂದು ನೇಪಲ್ಸ್ ಬಳಿ ಬಿದ್ದು 21 ಜನ ಸತ್ತರು. ಆಗ ಎಲ್ಲ ಕಾಮೆಟ್‌ಗಳನ್ನೂ ನೆಲಕ್ಕೆ ಇಳಿಸಿದರು.

ಅನಂತರ ಫಾರ್ನ್‌ಬರೋ ಎಂಬಲ್ಲಿ ನಡೆದ ಪರೀಕ್ಷೆಯನ್ನು ನಮ್ಮ ಮಕ್ಕಳು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಒಂದು ಕಾಮೆಟ್‌ನ ಒಡಲನ್ನು ದೊಡ್ಡ ತೊಟ್ಟಿಯಲ್ಲಿರಿಸಿ ಒಳಗೂ ಹೊರಗೂ ನೀರು ತುಂಬಿದರು. ಗಾಳಿಯನ್ನು ತುಂಬಿ ಒಡೆದಿದ್ದರೆ ಅದು ಬಾಂಬಿನಂತೆ ಸಿಡಿದು ಸಾಕ್ಷ್ಯವೆಲ್ಲ ಚೂರಾಗುತ್ತಿತ್ತು; ನೀರು ಅಷ್ಟಾಗಿ ಹಿಗ್ಗುವುದಿಲ್ಲ, ಒಡೆದ ಜಾಗ ಒಡೆದಂತೆಯೇ ಉಳಿಯುತ್ತದೆ. ಒಳಗಿನ ನೀರಿಗೆ ಒತ್ತಡ ಕೊಟ್ಟು ಬಿಡುವುದು, ಕೊಟ್ಟು ಬಿಡುವುದು. ಒಂದೊಂದು ಸಲವೂ ಒಂದೊಂದು ಹಾರಾಟಕ್ಕೆ ಸಮ. ಆ ವಿಮಾನ ಅದಕ್ಕೆ ಮೊದಲು 1,221 ಸಲ ಹಾರಿತ್ತು. ತೊಟ್ಟಿಯಲ್ಲಿ ಇನ್ನೂ 1,836 ಸಲ ಒತ್ತಡ ತಾಳಿದ ಮೇಲೆ ಒಡಲು ಸೀಳಿತು. ಒಡಲಿನಲ್ಲಿ ಕಿಂಡಿಗಾಗಿ ಕತ್ತರಿಸಿದ ಜಾಗದ ಮೂಲೆಯಲ್ಲಿ ಬಿರುಕು ಹುಟ್ಟಿತ್ತು. ಎಷ್ಟೋ ದಿನಗಳಿಂದ ಕೂದಲೆಳೆಯಷ್ಟು ಬೆಳೆಯುತ್ತಿದ್ದ ಬಿರುಕು ಕೊನೆಗೆ ಕ್ಷಣಾರ್ಧದಲ್ಲಿ ಓಡಿತು.

ಲೋಹದ ದಣಿವಿನ ಭಯವೆಲ್ಲ ಈ ಒಂದು ಗುಣದಲ್ಲಿದೆ. ಬಿರುಕು ಆಯುಷ್ಯದ ಬಹುಭಾಗ ಆಮೆಯಂತೆ ನಡೆದು, ಕೊನೆಯಲ್ಲಿ ಜಿಂಕೆಯಂತೆ ಓಡುತ್ತದೆ. ಆಮೆಯಾಗಿದ್ದಾಗ ಹಿಡಿದರಷ್ಟೇ ಉಪಯೋಗ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಹಾರುತ್ತಿದ್ದ ಅಲೋಹಾ ಸಂಸ್ಥೆಯ ಬೋಯಿಂಗ್ ವಿಮಾನದ ಮುಂಭಾಗದ ಮಾಳಿಗೆಯೇ ಕಿತ್ತುಹೋಯಿತು. ಅದು 89,680 ಸಲ ಹಾರಿದ್ದ ಹಳೆಯ ವಿಮಾನ. ರಿವೆಟ್ಟುಗಳ ಸಾಲಿನಲ್ಲಿ ಹುಟ್ಟಿದ್ದ ಸಣ್ಣ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ವಿಮಾನ ಹೇಗೋ ಇಳಿಯಿತು. ಪ್ರಯಾಣಿಕರ ಸೇವೆಯಲ್ಲಿದ್ದ ಒಬ್ಬ ಮಹಿಳೆ ಮಾತ್ರ ಗಾಳಿಗೆ ಸೆಳೆದುಹೋಗಿ ತೀರಿಕೊಂಡರು.

ಬಿರುಕನ್ನು ಹುಡುಕುವ ಮಾರ್ಗಗಳು ಹಲವಿವೆ. ಭೂತಗನ್ನಡಿ, ಬಿರುಕಿನೊಳಕ್ಕೆ ಇಳಿಯುವ ಬಣ್ಣದ ದ್ರವ, ಎಕ್ಸ್‌ರೇ, ಶ್ರವಣಾತೀತ ಧ್ವನಿ, ಸುಳಿವಿದ್ಯುತ್ತು. ಎಲ್ಲವೂ ಒಳ್ಳೆಯವೇ. ಆದರೆ ಇವೆಲ್ಲ ಗಡಿಗೆ ತಟ್ಟುವ ಜಾತಿಗೆ ಸೇರಿದವು. ಎಲ್ಲಿ ನೋಡಬೇಕೆಂದು ಪರೀಕ್ಷಕನಿಗೆ ಮೊದಲೇ ಗೊತ್ತಿರಬೇಕು. ಅಲ್ಲಿಗೆ ಅವನ ಕೈಯೋ ಉಪಕರಣವೋ ಮುಟ್ಟಬೇಕು. ರೆಕ್ಕೆಯ ಒಳಗೆ, ತೊಲೆಗಳ ಸಂದಿಯಲ್ಲಿ, ಇಂಧನದ ಟ್ಯಾಂಕಿನ ಹಿಂದೆ ಅಡಗಿದ ಜಾಗವನ್ನು ನೋಡಬೇಕಾದರೆ ಅರ್ಧ ವಿಮಾನವನ್ನೇ ಬಿಚ್ಚಬೇಕು. ಬಿಚ್ಚಿ ಜೋಡಿಸುವುದರಲ್ಲಿ ಹೊಸ ದೋಷಗಳು ಸೇರುವುದೂ ಉಂಟು.

ಬಿರುಕಿನ ಸದ್ದನ್ನು ಕೇಳುವವರಿಗೆ ಈ ತೊಂದರೆ ಕಡಿಮೆ. ಹೊರಮೈಮೇಲೆ ಅಲ್ಲಲ್ಲಿ ಕೆಲವು ‘ಕಿವಿ’ಗಳನ್ನು ಅಂಟಿಸಿದರೆ ಸಾಕು. ಒಳಗೆ ಎಲ್ಲಿ ಬಿರುಕು ಮುಂದುವರಿದರೂ ಆ ಅಲೆ ಲೋಹದಲ್ಲಿಯೇ ಹರಿದು ಕಿವಿಗೆ ಬರುತ್ತದೆ. ಬಿರುಕಿನ ತುದಿ ಒಂದು ಹೆಜ್ಜೆ ಮುಂದೆ ಹೋದಾಗ, ಅಲ್ಲಿಯವರೆಗೆ ಬಿಲ್ಲಿನ ಹೆದೆಯಂತೆ ಬಿಗಿದಿದ್ದ ಲೋಹ ತಟ್ಟನೆ ಸಡಿಲುತ್ತದೆ. ಹಾಗೆ ಬಿಡುಗಡೆಯಾದ ಶಕ್ತಿಯಲ್ಲಿ ಒಂದು ಪಾಲು ಅಲೆಯಾಗಿ ಹೊರಡುತ್ತದೆ. ನಮ್ಮ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಕೇಳಬಲ್ಲದು. ವಿಮಾನದ ಪರೀಕ್ಷೆಯಲ್ಲಿ ಕೇಳುವುದು ಸಾಮಾನ್ಯವಾಗಿ ಒಂದು ಲಕ್ಷದಿಂದ ಹತ್ತು ಲಕ್ಷ ಕಂಪನಗಳ ನಡುವಿನದನ್ನು. ಮಾಳಿಗೆಯ ತೊಲೆಯಂತೆ ಇದು ಬರಿಯ ಕಿವಿಗೆ ಕೇಳಿಸದು.

ಆ ಯಂತ್ರದ ಕಿವಿ ಎಂಥದು? ಅಡುಗೆಮನೆಯ ಗ್ಯಾಸ್ ಲೈಟರನ್ನು ಒತ್ತಿದರೆ ಕಿಡಿ ಹಾರುತ್ತದೆಯಷ್ಟೆ. ಅದರೊಳಗೆ ಪಿಂಗಾಣಿಯಂಥ ಒಂದು ಬಿಲ್ಲೆಯಿದೆ. ಅದಕ್ಕೆ ಪೆಟ್ಟು ಬಿದ್ದರೆ ವಿದ್ಯುತ್ತು ಹುಟ್ಟುತ್ತದೆ. ಈ ಕಿವಿಯಲ್ಲಿಯೂ ಅಂಥದೇ ಬಿಲ್ಲೆ. ಬಿರುಕಿನ ಅಲೆ ಅದನ್ನು ಅತಿ ಮೆಲ್ಲಗೆ ಒತ್ತಿದಾಗ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ನೂರು, ಸಾವಿರ ಪಟ್ಟು ಹಿಗ್ಗಿಸಿ ಕಂಪ್ಯೂಟರಿಗೆ ಕಳಿಸುತ್ತಾರೆ. ಬಿಲ್ಲೆಗೂ ಲೋಹಕ್ಕೂ ನಡುವೆ ಗಾಳಿ ಉಳಿಯದಂತೆ ಸ್ವಲ್ಪ ಗ್ರೀಸನ್ನೋ ಅಂಟನ್ನೋ ಹಚ್ಚುತ್ತಾರೆ.

ಕಿವಿ ಸರಿಯಾಗಿ ಅಂಟಿದೆಯೇ ಎಂದು ಪರೀಕ್ಷಿಸುವ ಕ್ರಮ ನಮಗೆ ಬಹಳ ಮೆಚ್ಚಿಗೆಯಾಯಿತು. ಪೆನ್ಸಿಲಿನ ಅರ್ಧ ಮಿಲಿಮೀಟರ್ ದಪ್ಪದ ಸೀಸದ ಕಡ್ಡಿಯನ್ನು ಲೋಹದ ಮೇಲೆ ಊರಿ ಮುರಿಯುತ್ತಾರೆ, ಅಷ್ಟೆ! ಪರೀಕ್ಷೆಯ ಹೊತ್ತಿನಲ್ಲಿ ನಮ್ಮ ವಿದ್ಯಾರ್ಥಿಗಳು ಎಷ್ಟೋ ಸಲ ಮುರಿದುಕೊಂಡು ಪೇಚಾಡುವ ಅದೇ ಕಡ್ಡಿ. ಅದು ಮುರಿಯುವಾಗ ಹೊರಡುವ ಅಲೆ ಬಿರುಕಿನ ಅಲೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಲಕ್ಷಾಂತರ ರೂಪಾಯಿಯ ಯಂತ್ರವನ್ನು ಹೀಗೆ ಒಂದು ಪೆನ್ಸಿಲ್ ಕಡ್ಡಿಯಿಂದ ಸರಿನೋಡುತ್ತಾರೆ.

ಸದ್ದು ಎಲ್ಲಿಂದ ಬಂತೆಂದು ತಿಳಿಯುವುದು ಎಂಟನೆಯ ತರಗತಿಯ ಲೆಕ್ಕ. ಒಂದು ಲೋಹದ ಪಟ್ಟಿಯ ಎರಡು ತುದಿಗಳಲ್ಲಿ, ಒಂದು ಮೀಟರ್ ಅಂತರದಲ್ಲಿ, ಎರಡು ಕಿವಿಗಳಿವೆ ಎನ್ನಿ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಅಲ್ಯೂಮಿನಿಯಂ ಪಟ್ಟಿಯಲ್ಲಿ ಸುಮಾರು 5,000 ಮೀಟರ್ ಹೋಗುತ್ತದೆ. ಎಡಗಡೆಯ ಕಿವಿಗೆ ಕೇಳಿದ ಮೇಲೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಕಳೆದು ಬಲಗಡೆಯದಕ್ಕೆ ಕೇಳಿತು. ಅಷ್ಟರಲ್ಲಿ ಅಲೆ ನಡೆದ ದೂರ ಅರ್ಧ ಮೀಟರ್. ಅಂದರೆ ಬಲಗಿವಿ ಬಿರುಕಿಗೆ ಎಡಗಿವಿಗಿಂತ ಅರ್ಧ ಮೀಟರ್ ದೂರ. ಎರಡೂ ದೂರಗಳನ್ನು ಕೂಡಿದರೆ ಒಂದು ಮೀಟರ್. ಬಿರುಕು ಎಲ್ಲಿದೆ? ಎಡಗಿವಿಯಿಂದ 25 ಸೆಂಟಿಮೀಟರ್ ದೂರದಲ್ಲಿ. ಅಗಲವಾದ ತಗಡಾದರೆ ಮೂರು ಕಿವಿ ಬೇಕಾಗುತ್ತದೆ, ತತ್ತ್ವ ಒಂದೇ.

ಈ ವಿದ್ಯೆಯ ಇತಿಹಾಸದಲ್ಲಿ ಜರ್ಮನಿಯ ಜೋಸೆಫ್ ಕೈಸರ್ ಎಂಬವನ ಹೆಸರು ಮುಖ್ಯ. ತವರದ ಕಡ್ಡಿಯನ್ನು ಬಗ್ಗಿಸಿದರೆ ಅದು ಕಿರುಗುಟ್ಟುತ್ತದೆ ಎಂಬುದು ಲೋಹ ಕೆಲಸದವರಿಗೆ ಹಿಂದಿನಿಂದಲೂ ಗೊತ್ತಿತ್ತು. ಎಲ್ಲ ಲೋಹಗಳೂ ಹೊರೆ ಬಿದ್ದಾಗ ಹೀಗೆ ಸದ್ದು ಮಾಡುತ್ತವೆಯೇ ಎಂದು ಕೈಸರ್ ಕ್ರಮವಾಗಿ ಪರೀಕ್ಷಿಸಿ 1950ರಲ್ಲಿ ಮ್ಯೂನಿಕ್‌ನಲ್ಲಿ ಪ್ರಬಂಧ ಬರೆದ. ಅವನು ಕಂಡ ಒಂದು ವಿಚಿತ್ರ ಹೀಗಿದೆ. ಒಂದು ಲೋಹಕ್ಕೆ ನೂರು ಕಿಲೋ ಹೊರೆ ಹಾಕಿದಾಗ ಅದು ಸದ್ದು ಮಾಡಿತು. ಹೊರೆ ಇಳಿಸಿ ಮತ್ತೆ ಏರಿಸಿದರೆ ಐವತ್ತಕ್ಕೆ ಮೌನ, ಎಂಬತ್ತಕ್ಕೆ ಮೌನ. ನೂರನ್ನು ದಾಟಿದಾಗಲೇ ಮತ್ತೆ ಸದ್ದು. ತಾನು ಹೊತ್ತ ಅತಿ ದೊಡ್ಡ ಹೊರೆಯನ್ನು ಲೋಹ ನೆನಪಿಟ್ಟುಕೊಂಡಿರುತ್ತದೆ ಎಂದೇ ಹೇಳಬಹುದು.

ಪರೀಕ್ಷಕರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಹಿಂದೆ ನೂರು ಕಿಲೋ ಹೊತ್ತ ಭಾಗ ಈಗ ಎಂಬತ್ತಕ್ಕೇ ಸದ್ದು ಮಾಡಿದರೆ, ನಡುವಿನ ಕಾಲದಲ್ಲಿ ಅದರೊಳಗೆ ಏನೋ ಕೆಟ್ಟಿದೆ ಎಂದರ್ಥ. ಅಮೆರಿಕದಲ್ಲಿ 1960ರ ದಶಕದಲ್ಲಿ ರಾಕೆಟ್ಟಿನ ಕವಚಗಳಿಗೆ ನೀರಿನ ಒತ್ತಡ ಕೊಟ್ಟು ಪರೀಕ್ಷಿಸುವಾಗ ಈ ವಿಧಾನವನ್ನು ಬಳಸತೊಡಗಿದರು. ನಮ್ಮ ಇಸ್ರೋ ಸಂಸ್ಥೆಯೂ ರಾಕೆಟ್ಟಿನ ಉಕ್ಕಿನ ಕವಚಗಳ ಒತ್ತಡ ಪರೀಕ್ಷೆಯಲ್ಲಿ ಇದನ್ನು ಬಳಸುತ್ತ ಬಂದಿದೆ. ವಿಮಾನಗಳಲ್ಲಿ ಎಫ್-111 ಎಂಬ ಯುದ್ಧವಿಮಾನದ ಉದಾಹರಣೆ ಪ್ರಸಿದ್ಧ. 1969ರ ಡಿಸೆಂಬರಿನಲ್ಲಿ ಅಂಥ ಒಂದು ವಿಮಾನದ ರೆಕ್ಕೆ ಕಳಚಿ ಇಬ್ಬರು ಚಾಲಕರು ಸತ್ತರು. ರೆಕ್ಕೆಯ ಬುಡದ ಉಕ್ಕಿನಲ್ಲಿ ತಯಾರಿಕೆಯಲ್ಲಿಯೇ ಉಳಿದಿದ್ದ ಒಂದು ಸೀಳು ಬೆಳೆದಿತ್ತು. ಆಮೇಲೆ ಆ ವಿಮಾನಗಳನ್ನು ಒಂದು ದೊಡ್ಡ ಕೋಣೆಯಲ್ಲಿಟ್ಟು ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಕ್ಕೆ ತಂಪು ಮಾಡಿ ರೆಕ್ಕೆಗಳಿಗೆ ಹೊರೆ ಕೊಡುವ ಕ್ರಮ ಬಂತು. ಚಳಿಗೆ ಉಕ್ಕು ಪೆಡಸಾಗುತ್ತದೆ. ಮುರಿಯುವುದಿದ್ದರೆ ಆಕಾಶದಲ್ಲಲ್ಲ, ನೆಲದ ಮೇಲೆ ಮುರಿಯಲಿ ಎಂಬ ಯೋಚನೆ. ಕಾಲಕ್ರಮದಲ್ಲಿ ಆ ಪರೀಕ್ಷೆಗೂ ಈ ಕಿವಿಗಳನ್ನು ಜೋಡಿಸಿದರು.

ಇಷ್ಟೂ ದೂರದ ಮಾತಾಯಿತು. ಆದವಾನಿಯಲ್ಲೋ ಗುಂತಕಲ್ಲಿನಲ್ಲೋ ರೈಲು ಹತ್ತಿದರೆ ತಲಪಬಹುದಾದ ಬೆಂಗಳೂರು ನಮ್ಮ ದೇಶದ ವಿಮಾನ ವಿದ್ಯೆಯ ತವರು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಅಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್.ಎ.ಎಲ್. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ವಿಭಾಗ ಹುಟ್ಟಿತು. 1959ರಲ್ಲಿ ಸ್ಥಾಪನೆಯಾದ, ಎನ್.ಎ.ಎಲ್. ಎಂದು ಕರೆಯುವ ರಾಷ್ಟ್ರೀಯ ಪ್ರಯೋಗಾಲಯವೂ ಅಲ್ಲಿದೆ. 1965ರಿಂದ 1984ರವರೆಗೆ ಅದರ ನಿರ್ದೇಶಕರಾಗಿದ್ದ ಎಸ್. ಆರ್. ವಲ್ಲೂರಿಯವರು ಲೋಹದ ದಣಿವನ್ನೇ ಅಭ್ಯಾಸ ಮಾಡಿದ ವಿಜ್ಞಾನಿ.

ಅಲ್ಲಿನ ದಣಿವು ಪರೀಕ್ಷೆಯ ರೀತಿ ಹೀಗೆ. ರೆಕ್ಕೆಯನ್ನೋ ಇಡೀ ವಿಮಾನವನ್ನೋ ಉಕ್ಕಿನ ಚೌಕಟ್ಟಿನಲ್ಲಿ ನಿಲ್ಲಿಸಿ, ಎಣ್ಣೆಯ ಒತ್ತಡದಿಂದ ನಡೆಯುವ ಜಾಕ್‌ಗಳನ್ನು ಅಲ್ಲಲ್ಲಿ ಕಟ್ಟುತ್ತಾರೆ. ಏರುವುದು, ತಿರುಗುವುದು, ಗಾಳಿಯ ಹೊಡೆತ, ಇಳಿಯುವುದು, ಎಲ್ಲವನ್ನೂ ಕ್ರಮವಾಗಿ ಆ ಜಾಕ್‌ಗಳೇ ಅಭಿನಯಿಸುತ್ತವೆ. ವಿಮಾನ ನೆಲ ಬಿಡುವುದಿಲ್ಲ. ಆದರೆ ಸಾವಿರಾರು ಗಂಟೆ ಹಾರಿದ ದಣಿವು ಅದರ ಮೈಗೆ ಸೇರುತ್ತದೆ. ನಿಜವಾಗಿ ಹಾರುತ್ತಿರುವ ಅದರ ಒಡಹುಟ್ಟುಗಳಿಗಿಂತ ಇದು ಯಾವಾಗಲೂ ದಣಿವಿನಲ್ಲಿ ಮುಂದಿರಬೇಕು. ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ಇದು ಮೊದಲು ತೋರಿಸಿದರೆ ಉಳಿದವುಗಳನ್ನು ಆ ಜಾಗದಲ್ಲಿ ಬಿಗಿಮಾಡಬಹುದು. ಇಂಥ ಪರೀಕ್ಷೆಗಳಲ್ಲಿಯೇ ಬಿರುಕಿನ ಸದ್ದಿಗೆ ಹೆಚ್ಚಿನ ಕೆಲಸ.

ಈಗ ಕಷ್ಟದ ಭಾಗಕ್ಕೆ ಬರೋಣ. ಆದವಾನಿಯ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಯಂತ್ರಗಳೆಲ್ಲ ಓಡುತ್ತಿರುವಾಗ ಮೂಲೆಯಲ್ಲಿ ಒಂದು ಮಗು ಪಿಸುಗುಟ್ಟಿದರೆ ಕೇಳುವುದು ಹೇಗೆ? ಹೊರೆ ಬಿದ್ದ ರೆಕ್ಕೆಯ ಸ್ಥಿತಿಯೂ ಹಾಗೆಯೇ. ಜಾಕ್‌ಗಳ ಸದ್ದು, ಎಣ್ಣೆ ಹರಿಯುವ ಸದ್ದು, ಬೋಲ್ಟುಗಳ ತಿಕ್ಕಾಟ, ಎಲ್ಲಕ್ಕಿಂತ ಹೆಚ್ಚಾಗಿ ಸಾವಿರಾರು ರಿವೆಟ್ಟುಗಳ ಕಿರುಗುಟ್ಟುವಿಕೆ. ಕಂಪನ ಕಡಿಮೆಯಿರುವ ಸದ್ದುಗಳನ್ನು ಜರಡಿ ಹಿಡಿದು ತೆಗೆಯಬಹುದು. ಉಳಿದವುಗಳಲ್ಲಿ ಯಾವುದು ಬಿರುಕಿನದು, ಯಾವುದು ರಿವೆಟ್ಟಿನದು ಎಂಬುದಕ್ಕೆ ಬೇರೆ ಗುರುತು ಬೇಕು. ಸದ್ದು ಒಮ್ಮೆಲೇ ಏರಿತೇ, ನಿಧಾನವಾಗಿ ಏರಿತೇ? ಒಂದೇ ಜಾಗದಿಂದ ಪದೇಪದೇ ಬರುತ್ತಿದೆಯೇ? ಹೊರೆ ತುದಿ ಮುಟ್ಟಿದಾಗ ಬರುತ್ತದೆಯೇ? ಬಿರುಕು ಮುಂದುವರಿಯುವುದು ಸಾಮಾನ್ಯವಾಗಿ ಹೊರೆ ಅತಿ ಹೆಚ್ಚಾದಾಗ. ಆದರೆ ಹೊರೆ ಇಳಿದಾಗ ಬಿರುಕಿನ ಎರಡು ಮುಖಗಳು ಒಂದಕ್ಕೊಂದು ಉಜ್ಜಿ ಸದ್ದು ಮಾಡುವುದೂ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಿಂದ ಈ ಸದ್ದುಗಳನ್ನು ಕಂಪ್ಯೂಟರಿನಿಂದ ವಿಂಗಡಿಸುವ ಸಂಶೋಧನೆ ನಡೆದಿದೆ. ಈ ವಿದ್ಯೆಯ ನಿಜವಾದ ಪಾಂಡಿತ್ಯ ಕೇಳುವುದರಲ್ಲಿಲ್ಲ, ಬೇರ್ಪಡಿಸುವುದರಲ್ಲಿದೆ ಎಂದು ನಮಗೆ ತೋರುತ್ತದೆ.

ಇನ್ನೊಂದು ಮಿತಿಯನ್ನು ಮುಚ್ಚಿಡಬಾರದು. ಬೆಳೆಯದೆ ನಿಂತ ಬಿರುಕು ಮೌನವಾಗಿರುತ್ತದೆ. ಹೊರೆಯಿಲ್ಲದೆ ನಿಂತ ವಿಮಾನಕ್ಕೆ ಎಷ್ಟು ಕಿವಿ ಹಚ್ಚಿದರೂ ಏನೂ ಕೇಳಿಸದು, ಅದರರ್ಥ ಬಿರುಕಿಲ್ಲವೆಂದಲ್ಲ. ಕೆಲವು ಮೆದು ಲೋಹಗಳಲ್ಲಿ ಬಿರುಕು ಬಹಳ ಮೆಲ್ಲನೆಯ ಸದ್ದಿನಿಂದಲೇ ಬೆಳೆಯುತ್ತದೆ. ಕೇಳಿದರೂ ಅದು ಎಷ್ಟು ಉದ್ದವಿದೆ, ಎಷ್ಟು ಆಳವಿದೆ ಎಂಬುದು ಸದ್ದಿನಿಂದ ತಿಳಿಯುವುದಿಲ್ಲ. ಕಳೆದುಹೋದ ಸದ್ದನ್ನು ಮತ್ತೊಮ್ಮೆ ಕೇಳುವಂತೆಯೂ ಇಲ್ಲ. ಹಾರುತ್ತಿರುವ ವಿಮಾನದಲ್ಲಿ ಸದಾ ಕಿವಿ ಇರಿಸುವ ಪ್ರಯತ್ನಗಳು ಹಲವು ವರ್ಷಗಳಿಂದ ನಡೆದಿವೆಯಾದರೂ, ಈಗಲೂ ಹೆಚ್ಚಿನ ಬಳಕೆ ನೆಲದ ಮೇಲಿನ ಪರೀಕ್ಷೆಗಳಲ್ಲಿಯೇ. ವಿಮಾನ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ ಎಂದು ಯಾರಾದರೂ ಬರೆದರೆ ಅರ್ಧ ಮಾತ್ರ ನಂಬಬೇಕು.

ಆದುದರಿಂದ ಪರೀಕ್ಷಾಲಯದಲ್ಲಿ ಒಂದೇ ಜಾಗದಿಂದ ಸದ್ದು ಪದೇಪದೇ ಬಂದಾಗ ಮಾಡುವ ಕೆಲಸ ಇಷ್ಟು. ಜಾಕ್‌ಗಳನ್ನು ನಿಲ್ಲಿಸುತ್ತಾರೆ. ಲೆಕ್ಕ ತೋರಿಸಿದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ಪರೀಕ್ಷಕ ದೀಪ ಹಿಡಿದು ಆ ಇಕ್ಕಟ್ಟಿನೊಳಗೆ ಕೈ ಇಳಿಸಿ, ರಿವೆಟ್ಟು ತೆಗೆದು, ಶ್ರವಣಾತೀತ ಧ್ವನಿಯಿಂದಲೋ ಸುಳಿವಿದ್ಯುತ್ತಿನಿಂದಲೋ ರಂಧ್ರದ ಅಂಚನ್ನು ನೋಡುತ್ತಾನೆ. ಕೆಲವು ಸಲ ಸಡಿಲಾದ ರಿವೆಟ್ಟು ಬಿಟ್ಟು ಬೇರೇನೂ ಸಿಗುವುದಿಲ್ಲ. ಅದನ್ನು ಬರೆದಿಟ್ಟು, ಹೊಸದನ್ನು ಹೊಡೆದು, ಕಿವಿಯ ಪಕ್ಕದಲ್ಲಿ ಇನ್ನೊಂದು ಪೆನ್ಸಿಲ್ ಕಡ್ಡಿ ಮುರಿದು ನೋಡಿ ಪರೀಕ್ಷೆಯನ್ನು ಮುಂದುವರಿಸುತ್ತಾರೆ. ಕೆಲವು ಸಲ ರಂಧ್ರದ ಅಂಚಿನಿಂದ ಹೊರಟ ಕೂದಲಿನಷ್ಟು ತೆಳುವಾದ ಒಂದು ಗೆರೆ ಸಿಗುತ್ತದೆ. ಆಗ ಅದೇ ಜಾತಿಯ ವಿಮಾನಗಳನ್ನೆಲ್ಲ ಆ ಜಾಗದಲ್ಲಿ ಬಿಚ್ಚಿ ನೋಡುವಂತೆ ಸಂಬಂಧಪಟ್ಟವರಿಗೆ ಸೂಚನೆ ಹೋಗುತ್ತದೆ.